ಚೀನೀ ವೈದ್ಯರು ಕಂಡ ನಿದ್ರಾನಾಶ

ಮುದುಕರಿಗೆ ಇರುಳಿನಲ್ಲಿ ನಿದ್ರೆ ಬಾರದು, ತರುಣರಿಗೆ ಹಗಲಿನಲ್ಲಿ ಬಾರದು; ಇದಕ್ಕೆ ಕಾರಣವೇನು? ಪೀತ ಚಕ್ರವರ್ತಿಯೆಂದು ಹೆಸರಾದ ಹ್ವಾಂಗ್‌ದೀ ಈ ಪ್ರಶ್ನೆಯನ್ನು ಚೀಬೋ ಎಂಬ ವೈದ್ಯನಿಗೆ ಹಾಕಿದನೆಂದು ಚೀನ ದೇಶದ ಪ್ರಾಚೀನ ವೈದ್ಯಗ್ರಂಥವಾದ ನೇಯ್‌ಜಿಂಗ್‌ನಲ್ಲಿ ಹೇಳಿದೆ. ಚಕ್ರವರ್ತಿಯು ಪುರಾಣಪುರುಷನಿರಬಹುದು, ಗ್ರಂಥವು ಮಾತ್ರ ಸುಮಾರು ೨,೦೦೦ ವರ್ಷಗಳಷ್ಟು ಹಳೆಯದು. ನಮ್ಮ ಮನೆಗಳಲ್ಲಿ ಅಜ್ಜನು ನಡುರಾತ್ರಿಯಲ್ಲಿ ಎದ್ದು ಕುಳಿತರೆ, ವಯಸ್ಸಾಯಿತೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವೆವು. ಚೀಬೋ ಹಾಗೆ ಮುಗಿಸಲಿಲ್ಲ. ತರುಣರಲ್ಲಿ ರಕ್ತವೂ ಪ್ರಾಣಶಕ್ತಿಯೂ ತುಂಬಿ, ಅವು ಸಂಚರಿಸುವ ದಾರಿಗಳು ತೆರವಾಗಿರುವುವೆಂದೂ, ಮುದುಕರಲ್ಲಿ ಮಾಂಸವೊಣಗಿ ಆ ದಾರಿಗಳು ಒರಟಾಗುವುದರಿಂದ ಹಗಲು ಚುರುಕೂ ಇಲ್ಲ, ಇರುಳು ನಿದ್ರೆಯೂ ಇಲ್ಲವೆಂದೂ ವಿವರಿಸಿದನು. ವಯಸ್ಸಾದಂತೆ ಗಾಢನಿದ್ರೆಯ ಪಾಲು ಕಡಿಮೆಯಾಗುವುದನ್ನು ಇಂದಿನ ಶಾಸ್ತ್ರವೂ ಒಪ್ಪುವುದು. ಕಾರಣವನ್ನು ಮಾತ್ರ ಮಿದುಳಿನಲ್ಲಿ ಹುಡುಕುವುದು.

ಚೀನೀಯರ ಕಲ್ಪನೆ ಹೀಗಿದೆ. ದೇಹವನ್ನು ಕಾಯುವ 'ವೆಯ್' ಎಂಬ ಶಕ್ತಿಯು ಹಗಲೆಲ್ಲ ಹೊರಭಾಗವಾದ ಯಾಂಗ್‌ನಲ್ಲಿ ಸುತ್ತುತ್ತಿದ್ದು, ಹೊಲ ಕಾಯ್ದವನು ಸಂಜೆಗೆ ಮನೆ ಸೇರುವಂತೆ, ಇರುಳಾಗಲು ಒಳಭಾಗವಾದ ಯಿನ್‌ನೊಳಕ್ಕೆ ಹೋಗುವುದು. ಅದು ಒಳಸೇರಿದರೆ ನಿದ್ರೆ, ಹೊರಬಂದರೆ ಎಚ್ಚರ. ಆದುದರಿಂದ ವೈದ್ಯನು ಮೊದಲು ವಿಚಾರಿಸುವುದು ನಿದ್ರೆಯನ್ನು ಬರಿಸುವ ಉಪಾಯವನ್ನಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತಿರುವುದು ಯಾವುದೆಂಬುದನ್ನು.

ಅಡ್ಡಿಯನ್ನು ತೆಗೆಯಲು ಅದೇ ಗ್ರಂಥದಲ್ಲಿ ಬೋಗಾವೋ ಎಂಬ ಇನ್ನೊಬ್ಬನು ಒಂದು ಕಷಾಯವನ್ನು ಹೇಳುವನು. ೧,೦೦೦ 'ಲೀ' ದೂರದಿಂದ ಹರಿದುಬಂದ ನೀರನ್ನು ೮ ಷೆಂಗ್ ತಂದು, ೧೦,೦೦೦ ಸಲ ಎತ್ತಿ ಹೊಯ್ದು, ತಿಳಿಯಾದ ೫ ಷೆಂಗ್ ನೀರನ್ನು ಜೊಂಡಿನ ಉರಿಯಲ್ಲಿ ಕುದಿಸಬೇಕು. ಅದಕ್ಕೆ ಅಂಟುಗುಣದ ಒಂದು ಕಿರುಧಾನ್ಯವನ್ನು ೧ ಷೆಂಗ್, ಬಾನ್‌ಷ್ಯಾ ಎಂಬ ಗೆಡ್ಡೆಯನ್ನು ಅರ್ಧ ಷೆಂಗ್ ಹಾಕಿ, ಒಂದೂವರೆ ಷೆಂಗಿಗೆ ಇಳಿಸಿ ಸೋಸಿ, ದಿನಕ್ಕೆ ೩ ಸಲ ಒಂದೊಂದು ಸಣ್ಣ ಬಟ್ಟಲು ಕುಡಿಯಬೇಕು. ರೋಗವು ಹೊಸದಾದರೆ ಬಟ್ಟಲನ್ನು ಬೋರಲು ಹಾಕುವಷ್ಟರಲ್ಲೇ ಮಲಗುವನಂತೆ. ಹಳೆಯದಾದರೆ ಮೂರು ಸಲ ಕುಡಿಯಬೇಕಂತೆ. ೧೦,೦೦೦ ಸಲ ನೀರು ಹೊಯ್ದ ಗೃಹಿಣಿಗಂತೂ ಕಷಾಯದ ಹಂಗಿಲ್ಲದೆಯೇ ನಿದ್ರೆ ಬಂದಿರಬೇಕು!

ವಾಚಕರು ಈ ಗೆಡ್ಡೆಯನ್ನು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ. ಅದು ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದು. ಹಸಿಯಾಗಿ ತಿಂದರೆ ನಾಲಿಗೆ ಗಂಟಲುಗಳು ಉರಿದು ಬಾತುಕೊಳ್ಳುವುವು. ಚೀನೀಯರೂ ಅದನ್ನು ಶುಂಠಿ, ಪಟಿಕಗಳೊಡನೆ ಸಂಸ್ಕರಿಸಿದ ಮೇಲೆಯೇ ಬಳಸುವರು.

ಜಠರವು ಕೆಟ್ಟಿದ್ದರೆ ಮಲಗಿದವನಿಗೆ ನೆಮ್ಮದಿಯಿಲ್ಲವೆಂದು ಆ ಗ್ರಂಥವೇ ಹೇಳುವುದು. ಹೊತ್ತು ಮೀರಿ ಹೊಟ್ಟೆತುಂಬ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೃದಯವು ಮನಸ್ಸಿನ ನೆಲೆಯೆಂದು ನಂಬಿದ್ದರಿಂದ ಅತಿಚಿಂತೆಯ ನಿದ್ರಾನಾಶವನ್ನು ಬೇರೆಯಾಗಿಯೇ ಎಣಿಸಿದರು.

ದೇಹವು ದಣಿದಿದ್ದರೂ ಮನಸ್ಸು ತಳಮಳಿಸುವವರಿಗೆ, ಹಾನ್ ಅರಸರ ಕಡೆಗಾಲದಲ್ಲಿದ್ದ ಜಾಂಗ್ ಜೊಂಗ್‌ಜಿಂಗ್ ಎಂಬ ಪಂಡಿತನು ಹುಳಿಬೋರೆಯ ಬೀಜವನ್ನು ವಿಧಿಸಿದನು. ಅದು ನಮ್ಮ ಎಲಚಿಯ ನಂಟಿನ ಗಿಡ. ಜ್ಯೇಷ್ಠಮಧುವೇ ಮೊದಲಾದ ೪ ಮದ್ದುಗಳನ್ನು ಕೂಡಿಸಿ ಮಾಡುವ ಆ ಕಷಾಯವು ಇಂದಿಗೂ ಬಳಕೆಯಲ್ಲಿದೆ. ಬೀಜದಲ್ಲಿರುವ ಸತ್ತ್ವಗಳು ಇಲಿಗಳಿಗೆ ಮಂಪರನ್ನು ತಂದುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಬಹುಮಟ್ಟಿಗೆ ಸಣ್ಣವು. ಅವುಗಳಿಂದ ಖಂಡಿತವಾದ ತೀರ್ಮಾನಕ್ಕೆ ಬರಲಾಗದು.

ಮನಸ್ಸನ್ನು ಶಾಂತಗೊಳಿಸಲೆಂದು ಇಂಗಳೀಕವನ್ನು ಸೇರಿಸಿದ ಗುಳಿಗೆಗಳೂ ಆ ಪದ್ಧತಿಯಲ್ಲುಂಟು. ಇಂಗಳೀಕದಲ್ಲಿರುವುದು ಪಾದರಸ, ಮೂತ್ರಪಿಂಡಗಳಿಗೆ ಅಪಾಯಕರವಾದುದು. ಪ್ರಾಚೀನವೆಂಬ ಒಂದೇ ಕಾರಣದಿಂದ ಇಂಥದನ್ನು ಬಾಯಿಗೆ ಹಾಕಿಕೊಳ್ಳಬಾರದು. ಗೊರಕೆಯ ನಡುವೆ ಉಸಿರುಗಟ್ಟಿ ಏಳುವವರಿಗಂತೂ ಕಷಾಯವಲ್ಲ, ವೈದ್ಯರ ಪರೀಕ್ಷೆಯೇ ಬೇಕು.

ನನಗೆ ಮೆಚ್ಚುಗೆಯಾಗಿರುವುದು ಆ ವೈದ್ಯರ ಮದ್ದಿಗಿಂತಲೂ ಅವರ ವಿಚಾರಣೆ. ಮಲಗಿದೊಡನೆ ನಿದ್ರೆ ಹತ್ತದೋ, ನಡುವೆ ಮುರಿಯುವುದೋ, ಕನಸುಗಳು ಹೆಚ್ಚೋ, ಹಸಿವು ಹೇಗಿದೆ ಎಂದೆಲ್ಲ ಕೇಳಿ, ನಾಲಿಗೆಯನ್ನು ನೋಡಿ, ಎರಡು ಕೈಗಳ ನಾಡಿಯನ್ನೂ ಹಿಡಿಯುವರು. ಒಂದೇ ಮನೆಯ ಇಬ್ಬರಿಗೆ ನಿದ್ರೆ ಬಾರದಿದ್ದರೆ ಇಬ್ಬರಿಗೂ ಒಂದೇ ಕಷಾಯವೆಂಬ ನಿಯಮವಿಲ್ಲ. ಅಜ್ಜಂದಿರ ವಿಷಯವನ್ನು ವಿವರಿಸಿದ ಚೀಬೋ ಮಾತ್ರ ಆ ಸಂವಾದದಲ್ಲಿ ಅವರಿಗೆ ಯಾವ ಮದ್ದನ್ನೂ ಹೇಳಲಿಲ್ಲ.