ಎಳೆತವೂ ಓಟವೂ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ದಿನಗಳಲ್ಲಿ ಆ ಊರಿನ ರಸ್ತೆಗೆ ಬೇರೆಯೇ ಒಂದು ಕಳೆ ಬರುತ್ತದೆ. ಬೇಲುಗಳನ್ನು ಹೇರಿಕೊಂಡ ಲಗೇಜು ಗಾಡಿಗಳು, ಅವುಗಳ ಸಂದಿಯಲ್ಲಿ ನುಸುಳುವ ಮೊಪೆಡ್ಡುಗಳು, ಮೋಟಾರ್ ಸೈಕಲ್ಲುಗಳು. ಅಂಥದೊಂದು ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಅಲ್ಲಿ ಎದುರಾದರು. ಸೊಪ್ಪಿನ ಹಣ ಕೈಸೇರಿತ್ತು. ಮಗನಿಗೆ ಬೈಕು ಕೊಡಿಸುವುದಾಗಿ ಅವರು ಮಾತು ಕೊಟ್ಟುಬಿಟ್ಟಿದ್ದರು.

"ಮೇಷ್ಟ್ರೇ, ನೀವು ಓದಿದೋರು, ನೀವೇ ಹೇಳಿ. ಇವನು ಇಪ್ಪತ್ತೈದು ಕುದುರೆ ಬೈಕೇ ಬೇಕು ಅಂತಾನೆ. ಅಂಗಡಿಯೋನು ಇನ್ನೊಂದು ತೋರಿಸಿ, ಇದಕ್ಕೆ ಕುದುರೆ ಇಪ್ಪತ್ತೇ, ಆದರೆ ಟಾರ್ಕು ಜಾಸ್ತಿ ಅಂದ. ಕುದುರೆ ಗೊತ್ತು. ಈ ಟಾರ್ಕು ಅಂದರೆ ಯಾವ ಪ್ರಾಣಿ?"

ಹಳಗನ್ನಡದ ಕ್ಲಿಷ್ಟ ಪದವೊಂದರ ಅರ್ಥ ಕೇಳಿದ್ದರೆ ನಿಘಂಟು ನೋಡಿ ಹೇಳುತ್ತೇನೆಂದು ತಪ್ಪಿಸಿಕೊಳ್ಳಬಹುದಾಗಿತ್ತು. ಇಲ್ಲಿ ಆ ಆಸರೆಯೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗ ಕಾಲಿನ ಹೆಬ್ಬೆರಳಿನಿಂದ ನೆಲ ಕೆದರುತ್ತ ಸುಮ್ಮನಿದ್ದ. ಒಂದು ವಾರದ ಅವಕಾಶ ಬೇಡಿ ನಾನು ಊರಿಗೆ ಬಂದೆ.

ಹಾಸನದಲ್ಲಿ ನನ್ನ ಸ್ಕೂಟರನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕನೊಬ್ಬನಿದ್ದಾನೆ. ಅವನ ಮುಂದೆ ಈ ಪ್ರಶ್ನೆ ಇಟ್ಟಾಗ ಅವನು ಜಾಮ್ ಆಗಿದ್ದ ಒಂದು ನಟ್ಟಿಗೆ ಪಾನ ಹಾಕಿ ತಿರುಗಿಸಿದ, ಅದು ಕದಲಲಿಲ್ಲ. ಪಾನದ ಹಿಡಿಗೆ ಮೊಳದುದ್ದದ ಒಂದು ಪೈಪು ತೂರಿಸಿ ಅದೇ ಕೈಯಿಂದ ಒತ್ತಿದ, ನಟ್ಟು ಬಿಟ್ಟುಕೊಂಡಿತು. "ಇದೇ ಸಾರ್ ಟಾರ್ಕು. ಟಾರ್ಕು ಅಂದರೆ ಎಳೆತ, ಕುದುರೆ ಅಂದರೆ ಓಟ" ಎಂದ. ಪಾರಿಭಾಷಿಕ ಪದಗಳಿಗಾಗಿ ಸಂಸ್ಕೃತದ ಬಾಗಿಲನ್ನೇ ತಟ್ಟುವ ನಮಗೆ, ವರ್ಕ್‌ಷಾಪಿನ ಈ ಎರಡು ಅಚ್ಚಗನ್ನಡ ಮಾತುಗಳು ಕಿವಿಗೆ ಬೀಳದೆ ಹೋದದ್ದು ಸೋಜಿಗವೇ ಸರಿ.

ತಿರುಗಿಸುವ ಬಲವನ್ನು ಅಳೆಯುವುದು ನ್ಯೂಟನ್-ಮೀಟರ್ ಎಂಬ ಮಾನದಿಂದ. ಒಂದು ಮೀಟರ್ ಉದ್ದದ ಹಾರೆಯ ಒಂದು ತುದಿಯನ್ನು ಅಚ್ಚಿಗೆ ಬಿಗಿದು, ಇನ್ನೊಂದು ತುದಿಗೆ ಒಂದು ಕೆ.ಜಿ. ತೂಗುಹಾಕಿದರೆ ಆ ಅಚ್ಚಿನ ಮೇಲೆ ಬೀಳುವ ತಿರುಗುಬಲ ಹತ್ತು ನ್ಯೂಟನ್-ಮೀಟರಿಗೆ ತುಸು ಕಡಿಮೆ. ಹಾರೆ ಕದಲದಿದ್ದರೂ ಈ ಬಲ ಇದ್ದೇ ಇರುತ್ತದೆ. ಅಶ್ವಶಕ್ತಿಯ ಮಾತು ಹಾಗಲ್ಲ; ಅಲ್ಲಿ ಕಾಲದ ಲೆಕ್ಕವೂ ಸೇರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡೀತೆಂದು ಗಿರಾಕಿಗಳಿಗೆ ತಿಳಿಸಲು ಬಳಕೆಗೆ ತಂದ ಅಳತೆ ಅದು. ನಮ್ಮ ಜಿಲ್ಲೆಯ ಮಾತಿನಲ್ಲಿ ಹೇಳುವುದಾದರೆ, ಐವತ್ತು ಕೆ.ಜಿ.ಯ ಆಲೂಗೆಡ್ಡೆ ಚೀಲವನ್ನು ಒಂದೇ ಸೆಕೆಂಡಿನಲ್ಲಿ ಒಂದೂವರೆ ಮೀಟರ್ ಎತ್ತುವ ಯಂತ್ರದ್ದು ಒಂದು ಅಶ್ವಶಕ್ತಿ. ಅದೇ ಚೀಲವನ್ನು ಹತ್ತು ಸೆಕೆಂಡು ತೆಗೆದುಕೊಂಡು ಎತ್ತಿದರೆ ಬಲ ಅಷ್ಟೇ, ಶಕ್ತಿ ಹತ್ತರಲ್ಲೊಂದು ಪಾಲು. ತಿರುಗುಬಲವನ್ನು ಸುತ್ತಿನ ವೇಗದಿಂದ ಗುಣಿಸಿದರೆ ಬರುವುದೇ ಶಕ್ತಿ. ಅಂದಮೇಲೆ ಎಳೆತ ಓಟಗಳು ದಾಯಾದಿಗಳಲ್ಲ. ಒಂದು ಇನ್ನೊಂದರ ಮಗು.

ಹುಡುಗ ಬಯಸಿದ್ದು ಕೆ.ಟಿ.ಎಂ. ೨೦೦ ಡ್ಯೂಕ್, ಅಂಗಡಿಯವನು ತೋರಿಸಿದ್ದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ೩೫೦. ಮೊದಲನೆಯದರಲ್ಲಿ ಸುಮಾರು ೨೫ ಅಶ್ವಶಕ್ತಿ, ಅದೂ ನಿಮಿಷಕ್ಕೆ ೧೦,೦೦೦ ಸುತ್ತಿನಲ್ಲಿ; ಅದರ ಗರಿಷ್ಠ ಟಾರ್ಕು ೧೯.೩ ನ್ಯೂಟನ್-ಮೀಟರ್, ೮,೦೦೦ ಸುತ್ತಿನಲ್ಲಿ. ಎರಡನೆಯದರಲ್ಲಿ ೬,೧೦೦ ಸುತ್ತಿನಲ್ಲಿ ೨೦ ಚಿಲ್ಲರೆ ಅಶ್ವಶಕ್ತಿ. ಟಾರ್ಕು ೨೭, ಅದೂ ೪,೦೦೦ ಸುತ್ತಿನಲ್ಲೇ. ಹಾರೆಯ ಲೆಕ್ಕಕ್ಕೆ ತಂದರೆ ಒಂದರ ತುದಿಗೆ ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ, ಇನ್ನೊಂದರ ತುದಿಗೆ ಎರಡೂ ಮುಕ್ಕಾಲು ಕೆ.ಜಿ. ಇಷ್ಟು ಸಣ್ಣ ತೂಕದ ವ್ಯತ್ಯಾಸಕ್ಕಾಗಿ ಒಂದು ಮನೆಯಲ್ಲಿ ತಂದೆಮಕ್ಕಳು ಮಾತು ಬಿಟ್ಟಿದ್ದಾರೆಂದರೆ ನಗು ಬರುವುದಿಲ್ಲವೇ?

ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಈ ಎರಡು ಎಂಜಿನ್ನುಗಳ ಸಿಲಿಂಡರಿನ ಅಗಲ ಒಂದೇ, ೭೨ ಮಿಲಿಮೀಟರ್. ಬೇರೆಯಾಗಿರುವುದು ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ: ಕ್ಲಾಸಿಕ್‌ನಲ್ಲಿ ೮೫.೮ ಮಿ.ಮೀ., ಡ್ಯೂಕಿನಲ್ಲಿ ೪೯. ಕ್ರ್ಯಾಂಕಿನ ತೋಳು ಇದರ ಅರ್ಧದಷ್ಟು. ಅಂದರೆ ಒಂದು ಉದ್ದ ಪಾನ, ಇನ್ನೊಂದು ಗಿಡ್ಡ ಪಾನ. ಉದ್ದ ತೋಳಿನದು ಬಲವಾಗಿ ತಿರುಗಿಸುತ್ತದೆ, ಆದರೆ ಬೇಗ ಬೇಗ ತಿರುಗಿಸಲಾರದು. ಒಂದು ಸುತ್ತಿಗೆ ಅದರ ಪಿಸ್ಟನ್ ನಡೆಯಬೇಕಾದ ದಾರಿಯೇ ದೂರ. ಲೆಕ್ಕ ಹಾಕಿ ನೋಡಿದೆ: ಗರಿಷ್ಠ ಶಕ್ತಿಯ ಹೊತ್ತಿನಲ್ಲಿ ಕ್ಲಾಸಿಕ್‌ನ ಪಿಸ್ಟನ್ ಸೆಕೆಂಡಿಗೆ ಸರಾಸರಿ ಹದಿನೇಳು ಮೀಟರ್, ಡ್ಯೂಕಿನದು ಹದಿನಾರು ಮೀಟರ್ ಚಲಿಸುತ್ತದೆ. ಒಂದು ಗಂಭೀರ, ಇನ್ನೊಂದು ಚುರುಕು ಎಂದು ಹೊರಗಿನಿಂದ ಕಾಣುವ ಇವೆರಡೂ ಒಳಗೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆವರು ಸುರಿಸುತ್ತಿರುತ್ತವೆ!

ಇಷ್ಟು ತಿಳಿದ ಮೇಲೆ ಟಾರ್ಕಿನ ಪಕ್ಷ ಹಿಡಿಯಲು ನಾನು ಸಿದ್ಧನಾದೆ. ಆದರೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮಿತ್ರರೊಬ್ಬರು ತಡೆದರು. "ಗೇರನ್ನು ಮರೆತಿರಲ್ಲ! ಗಿಡ್ಡ ಪಾನಕ್ಕೆ ಪೈಪು ತೂರಿಸುವ ಕೆಲಸವನ್ನೇ ಗೇರು ಮಾಡುವುದು. ಸುತ್ತು ಕಳೆದುಕೊಂಡು ಬಲ ಗಳಿಸುತ್ತದೆ. ರಸ್ತೆಯ ಮೇಲೆ ಚಕ್ರಕ್ಕೆ ಕೊನೆಗೆ ಎಷ್ಟು ನೂಕು ಸಿಗುತ್ತದೆಂಬುದು ಆ ಕ್ಷಣದಲ್ಲಿ ಎಂಜಿನ್ ಕೊಡುತ್ತಿರುವ ಶಕ್ತಿಗೆ ಬಿಟ್ಟದ್ದು." ಹಾಗಾದರೆ ಕುದುರೆಯೇ ಗೆದ್ದಿತೇ? ಗೆದ್ದಿತು, ಆದರೆ ಕುದುರೆಗಳೆಲ್ಲ ಲಾಯದಿಂದ ಹೊರಗೆ ಬಂದಿದ್ದರೆ ಮಾತ್ರ. ೪,೦೦೦ ಸುತ್ತಿನಲ್ಲಿ ಕ್ಲಾಸಿಕ್ ಹದಿನೈದು ಅಶ್ವಶಕ್ತಿ ಕೊಡುತ್ತಿರುವಾಗ ಡ್ಯೂಕು ಹನ್ನೊಂದನ್ನು ಮೀರಲಾರದು. ಅದರ ಉಳಿದ ಕುದುರೆಗಳು ಮೇಲಿನ ಸುತ್ತುಗಳಲ್ಲಿ ಕಟ್ಟಿಹಾಕಿಕೊಂಡು ನಿಂತಿರುತ್ತವೆ.

ರೇಸಿನ ಟ್ರ್ಯಾಕಿನಲ್ಲಿ ಇದು ಕೊರತೆಯೇ ಅಲ್ಲ. ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನದಾರಿಯಲ್ಲಾಗಲಿ, ಆಮೇಲೆ ಬಂದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಾಗಲಿ ಸ್ಪರ್ಧಿಯ ಎಡಗಾಲು ಗೇರಿನ ಮೇಲೇ ಇರುತ್ತದೆ. ಸುತ್ತು ಕೆಳಗಿಳಿಯದಂತೆ ಕಾಯುವುದೇ ಅವನ ಕಸಬು. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ತಿರುವಿನಲ್ಲಿ ಎಮ್ಮೆ ಮಲಗಿರುವುದಿಲ್ಲ. ಎಸ್ಕಾರ್ಟ್ಸ್ ಸಂಸ್ಥೆ ೧೯೮೩ರಲ್ಲಿ ಹೊರತಂದ ರಾಜದೂತ್ ೩೫೦ರ ಕಥೆ ಇಲ್ಲಿ ನೆನಪಾಗುತ್ತದೆ. ೩೦.೫ ಅಶ್ವಶಕ್ತಿಯ ಮೊದಲ ಮಾದರಿಯನ್ನು 'ಹೈ ಟಾರ್ಕ್' ಎಂದೂ, ಪೆಟ್ರೋಲು ಉಳಿಸಲೆಂದು ೨೭ಕ್ಕೆ ಇಳಿಸಿದ ಮಾದರಿಯನ್ನು 'ಲೋ ಟಾರ್ಕ್' ಎಂದೂ ಜನ ಕರೆದರು. ಅದರ ಕೀರ್ತಿಯೆಲ್ಲ ಮೇಲಿನ ಸುತ್ತುಗಳ ಅಬ್ಬರದಿಂದ ಬಂದದ್ದು. ಹೆಸರು ಮಾತ್ರ ಟಾರ್ಕಿನದು.

ನಮ್ಮ ಊರುಗಳ ರಸ್ತೆಯೇ ಬೇರೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಹೆದ್ದಾರಿಯಲ್ಲಿ ಒಬ್ಬನೇ ಹೋಗುವವನಿಗೆ ಓಟ ಬೇಕೆನಿಸಿದರೆ ತಪ್ಪಿಲ್ಲ. ಹೊಳೆನರಸೀಪುರದ ಕಡೆಯ ಹಳ್ಳಿಯ ಏರಿನಲ್ಲಿ ಹಿಂದೆ ಹುಲ್ಲಿನ ಹೊರೆ, ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನಿಗೆ ಬೇಕಾದದ್ದು ಎಳೆತ. ಟಿ.ವಿ.ಎಸ್. ಎಕ್ಸ್‌.ಎಲ್. ೧೦೦ ಎಂಬ ಮೊಪೆಡ್ಡನ್ನು ನೋಡಿ: ನಾಲ್ಕೂವರೆ ಅಶ್ವಶಕ್ತಿಯೂ ಇಲ್ಲ, ಬದಲಿಸಲು ಗೇರೂ ಇಲ್ಲ. ಆದರೆ ಅದರ ಆರೂವರೆ ನ್ಯೂಟನ್-ಮೀಟರ್ ೩,೫೦೦ ಸುತ್ತಿಗೇ ಕೈಗೆ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನಿನ ಹೀರೋ ಸ್ಪ್ಲೆಂಡರ್ ತನ್ನ ಎಂಟು ನ್ಯೂಟನ್-ಮೀಟರನ್ನು ಪೂರ್ತಿ ಕೊಡುವುದು ೬,೦೦೦ ಸುತ್ತಿಗೆ. ರೈತರು ಈ ಅಂಕಿಗಳನ್ನು ಓದಿದವರಲ್ಲ. ಹೊರೆ ಹೇರಿ ನೋಡಿದವರು.

ಹಿಂದೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ನೆಚ್ಚಿದವರೂ ಹೀಗೆಯೇ ನೋಡಿದ್ದರು. ೧೯೯೬ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಜಾವಾ, ಯೆಜ್ಡಿಗಳ ಎಂಜಿನ್ನು ಟೂ ಸ್ಟ್ರೋಕಿನದು. ಸುತ್ತಿಗೊಂದು ಸಿಡಿತ, ಆದ್ದರಿಂದ ನಿಧಾನದಲ್ಲೂ ಎಳೆತ.

ವಾರ ಕಳೆದು ರಾಮನಾಥಪುರಕ್ಕೆ ಹೋಗಿ ಇಷ್ಟನ್ನೂ ಒಪ್ಪಿಸಿದೆ. ತಂದೆ ಕಾಫಿ ತರಿಸಲು ಎದ್ದಾಗ ಹುಡುಗ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದ. ಗೆಳೆಯನ ಬೈಕಿನಲ್ಲಿ ಗೊರೂರಿನಿಂದ ಅರಕಲಗೂಡಿಗೆ ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಹೊರಟಿದ್ದನಂತೆ. ಟಾಪ್ ಗೇರಿನಲ್ಲೇ ಎಕ್ಸಲೇಟರ್ ತಿರುವಿದ, ಗಾಡಿ ಮೇಲೇಳಲಿಲ್ಲ. ಎದುರಿನಿಂದ ಬಸ್ಸು ಬಂತು. ಟ್ರ್ಯಾಕ್ಟರಿನವನು ಮಣ್ಣಿಗಿಳಿಸಿ ದಾರಿ ಬಿಟ್ಟದ್ದರಿಂದ ಉಳಿದುಕೊಂಡ. "ಇಪ್ಪತ್ತೈದು ಕುದುರೆ ಇತ್ತು ಸಾರ್, ಒಂದೂ ಬರಲಿಲ್ಲ. ಅಪ್ಪನಿಗೆ ಹೇಳಬೇಡಿ."

ಎರಡು ಗೇರು ಇಳಿಸಿದ್ದರೆ ಅವೆಲ್ಲ ಬರುತ್ತಿದ್ದವು ಎಂದೆ. ಅದು ಯಾರೂ ಹೇಳಿಕೊಟ್ಟಿರಲಿಲ್ಲ ಎಂದ. ಬೈಕಿನ ಜಾಹೀರಾತಿನಲ್ಲಿ ಅಂಕಿಗಳಿರುತ್ತವೆ, ಆ ಅಂಕಿ ಯಾವ ಸುತ್ತಿನಲ್ಲಿ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ.

ಕೊನೆಗೆ ಅವರು ಕೊಂಡದ್ದು ಡ್ಯೂಕನ್ನೇ. ಹೊರೆಗೆ ತನ್ನ ಮೊಪೆಡ್ಡು ಇದೆ ಎಂದು ತಂದೆ ಸಮಾಧಾನಪಟ್ಟುಕೊಂಡರು. ಮೊನ್ನೆ ಆ ಹುಡುಗನ ಹಿಂದೆ ಕುಳಿತು ನಾನೇ ಗೊರೂರಿನವರೆಗೆ ಬಂದೆ. ಮುಂದೆ ಹುಲ್ಲಿನ ಲಾರಿಯೊಂದು ತೆವಳುತ್ತಿತ್ತು. ಹುಡುಗ ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸಿದ. ಅವನ ಎಡಗಾಲು ಎರಡು ಸಲ ಕೆಳಗೊತ್ತಿದ್ದು ನನಗೆ ತಿಳಿಯಿತು. ಎಂಜಿನ್ನಿನ ದನಿ ಏರಿತು, ಲಾರಿ ಹಿಂದೆ ಉಳಿಯಿತು.