ತಟ್ಟೆಯಾಕಾರದ ಅಣುಗಳ ಶೋಧಕ ಎಸ್. ಚಂದ್ರಶೇಖರ್

ಘನ, ದ್ರವ, ಅನಿಲ ಎಂಬ ಮೂರೇ ಸ್ಥಿತಿಗಳನ್ನು ಶಾಲೆಯಲ್ಲಿ ಕಲಿತವರಿಗೆ 'ದ್ರವಸ್ಫಟಿಕ' ಎಂಬ ಹೆಸರೇ ವಿರೋಧಾಭಾಸವಾಗಿ ತೋರೀತು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಕೊಲೆಸ್ಟರಾಲಿನ ಸಂಯುಕ್ತವೊಂದನ್ನು ಕಾಯಿಸಿದಾಗ ಅದು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಕದಡಿದ ದ್ರವವಾಯಿತು. ಸುಮಾರು 178 ಡಿಗ್ರಿಯಲ್ಲಷ್ಟೇ ತಿಳಿಯಾಯಿತು. ಈ ನಡುವಣ ಸ್ಥಿತಿಯ ಪದಾರ್ಥ ದ್ರವದಂತೆ ಹರಿಯುತ್ತದೆ. ಆದರೂ ಅದರ ಅಣುಗಳು ಕಟ್ಟಿನೊಳಗಿನ ಊದುಬತ್ತಿಗಳಂತೆ ಬಹುಮಟ್ಟಿಗೆ ಒಂದೇ ದಿಕ್ಕನ್ನು ಹಿಡಿದಿರುತ್ತವೆ. ಇದು ಪ್ರಯೋಗಶಾಲೆಯ ಕೌತುಕ ಮಾತ್ರವಲ್ಲ. ನಮ್ಮ ಜೀವಕೋಶಗಳ ಪೊರೆಯೂ ಇಂಥದೇ ಸ್ಥಿತಿಯಲ್ಲಿದೆ. ಜ್ವರ ಬಂದ ಮಗುವಿನ ಹಣೆಗೆ ಇಟ್ಟಾಗ ಬಣ್ಣ ಬದಲಿಸುವ ಪಟ್ಟಿಯಲ್ಲಿರುವುದೂ ದ್ರವಸ್ಫಟಿಕವೇ.

ಈ ಪದಾರ್ಥಗಳ ಅಧ್ಯಯನಕ್ಕೆ ಜೀವಮಾನವನ್ನೇ ಮುಡಿಪಾಗಿಟ್ಟವರು ಭೌತವಿಜ್ಞಾನಿ ಶಿವರಾಮಕೃಷ್ಣ ಚಂದ್ರಶೇಖರ್ (1930–2004). ಸರ್ ಸಿ.ವಿ. ರಾಮನ್ನರ ಸೋದರಳಿಯ. ನಕ್ಷತ್ರಗಳನ್ನು ಕುರಿತ ಸಂಶೋಧನೆಗೆ 1983ರಲ್ಲಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಅವರೂ ರಾಮನ್ನರ ಬಂಧುವೇ ಆದುದರಿಂದ ಇಬ್ಬರನ್ನೂ ಒಬ್ಬರೆಂದೇ ಭ್ರಮಿಸುವವರುಂಟು. ಇವರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದ್ರವಸ್ಫಟಿಕಗಳ ಕೆಲಸ ಅಲ್ಲಿಯೇ ಬೇರೂರಿತು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಅದಕ್ಕೆಂದೇ ಪ್ರಯೋಗಶಾಲೆಯನ್ನು ಕಟ್ಟಿದರು.

ಕರಗಿಸಿದಾಗ ದ್ರವಸ್ಫಟಿಕವಾಗಲು ಅಣು ಉದ್ದನೆಯ ಕಡ್ಡಿಯಂತಿರಬೇಕೆಂಬುದು ಆಗ ರೂಢವಾಗಿದ್ದ ನಂಬಿಕೆ. ಚಪ್ಪಟೆಯಾದ ಅಣು ಏಕಾಗಬಾರದು? 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಇದಕ್ಕೆ ಉತ್ತರವಿತ್ತರು. ಬೆಂಜೀನ್ ಉಂಗುರದ ಆರು ಮೂಲೆಗಳಿಗೂ ಕೊಬ್ಬಿನಾಮ್ಲದ ಉದ್ದ ಬಾಲಗಳನ್ನು ಜೋಡಿಸಿದ ಸಂಯುಕ್ತಗಳನ್ನು ಅವರು ಪರೀಕ್ಷಿಸಿದರು. ತಟ್ಟೆಯಂಥ ಆ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಕುಳಿತು ಕಂಬಗಳಾಗುತ್ತವೆ. ಕಂಬಗಳು ಜೇನುಗೂಡಿನ ಕಣ್ಣುಗಳಂತೆ ಷಟ್ಕೋನ ವ್ಯವಸ್ಥೆಯಲ್ಲಿ ನಿಲ್ಲುತ್ತವೆ. ಕ್ಷಕಿರಣಗಳು ಇದನ್ನು ತೋರಿಸಿಕೊಟ್ಟವು. ಈ ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾದುದಲ್ಲ, ಭಾರತದ 'ಪ್ರಮಾಣ'ದಲ್ಲಿ. ಆದರೂ ಜಗತ್ತಿನಾದ್ಯಂತ ವಿಜ್ಞಾನಿಗಳು ಅದನ್ನು ಹುಡುಕಿ ಓದಿದರು. ಚಂದ್ರಶೇಖರರ ಪ್ರಸಿದ್ಧ ಪಠ್ಯಗ್ರಂಥ ಕೇಂಬ್ರಿಜ್‌ನಿಂದ ಹೊರಬಂದುದೂ ಅದೇ ವರ್ಷ. ತಟ್ಟೆಯಾಕಾರದ ಅಣುಗಳಿಗೆಂದೇ ಒಂದು ಅಧ್ಯಾಯ ಸೇರಿದ್ದು 1992ರ ಎರಡನೆಯ ಆವೃತ್ತಿಯಲ್ಲಿ.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ದ್ರವಸ್ಫಟಿಕದ ಚಪ್ಪಟೆ ಪರದೆಯನ್ನು ಓರೆಯಾಗಿ ನೋಡಿದರೆ ಮೊದಮೊದಲು ಚಿತ್ರ ಮಸುಕಾಗುತ್ತಿತ್ತು. ಬೆಳಕಿನ ಮಟ್ಟಿಗೆ ತಟ್ಟೆಯ ಗುಣ ಕಡ್ಡಿಯದಕ್ಕೆ ವಿರುದ್ಧವಾದುದು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ತಟ್ಟೆ ಅಣುಗಳ ತೆಳುಪದರವನ್ನು ಪರದೆಗೆ ಸೇರಿಸಿ ಆ ದೋಷವನ್ನು ಬಹುಮಟ್ಟಿಗೆ ಕಳೆಯಿತು. ಅಷ್ಟರಲ್ಲಿ ನಿವೃತ್ತರಾಗಿದ್ದ ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ, ಹೊಸ ಪೀಳಿಗೆಯೊಡನೆ ಮತ್ತೆ ಕೆಲಸಕ್ಕೆ ತೊಡಗಿದ್ದರು.