ಕ್ಲಾಪ್ಟನ್ ಗಿಟಾರಿನ ಹೊಟ್ಟೆಯೊಳಗೆ

1970ರಲ್ಲಿ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅಮೆರಿಕದ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಆರು ಹಳೆಯ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರ್‌ಗಳನ್ನು ಅಗ್ಗದ ಬೆಲೆಗೆ ಕೊಂಡರು. ಮೂರನ್ನು ಸಂಗೀತಗಾರ ಗೆಳೆಯರಾದ ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಅವರಿಗೆ ಕೊಟ್ಟುಬಿಟ್ಟರು. ಮಿಕ್ಕ ಮೂರನ್ನು ಬಿಚ್ಚಿ, ಒಳ್ಳೆಯ ಭಾಗಗಳನ್ನಷ್ಟೇ ಆರಿಸಿ ಒಂದು ಕಪ್ಪು ಗಿಟಾರ್ ಜೋಡಿಸಿಕೊಂಡರು. ಅದೇ ಹೆಸರಾಂತ ‘ಬ್ಲ್ಯಾಕಿ’. ನುಡಿಸಿ ನುಡಿಸಿ ಅದು ಸವೆದ ಮೇಲೆ ಅದರ ಜಾಡಿನಲ್ಲೇ ಫೆಂಡರ್ ಕಂಪನಿ 1988ರಲ್ಲಿ ಎರಿಕ್ ಕ್ಲಾಪ್ಟನ್ ಸ್ಟ್ರಾಟೋಕ್ಯಾಸ್ಟರ್ ಹೊರತಂದಿತು. ಕಲಾವಿದನೊಬ್ಬನ ಹೆಸರು ಹೊತ್ತ ಮೊದಲ ಸ್ಟ್ರಾಟ್ ಅದು.

ಇದರ ಒಡಲು ಗಟ್ಟಿ ಮರ. ನಾದ ತುಂಬಿಕೊಳ್ಳುವ ಪೊಳ್ಳಿಲ್ಲ. ಕೆಲಸವೆಲ್ಲ ತಂತಿಯ ಕೆಳಗಿರುವ ಪಿಕಪ್‌ನದು. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು, ಇಷ್ಟೇ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ವಿಜ್ಞಾನಿ ಫ್ಯಾರಡೆ ಕಂಡುಕೊಂಡ ನಿಯಮವೇ ಇದು. ಗಿಟಾರ್ ಪ್ರಿಯರು ಮರದ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಪಿಕಪ್‌ಗೆ ಮಾತ್ರ ತಂತಿಯ ಅಲುಗಾಟ ಬಿಟ್ಟರೆ ಬೇರೇನೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಆದರೆ ಸುರುಳಿ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ ಸದ್ದನ್ನೂ ಹಿಡಿದುಬಿಡುತ್ತದೆ. ಅಮೆರಿಕದಲ್ಲಿ ಆ ಸದ್ದಿನ ಮೂಲ 60 ಹರ್ಟ್ಸ್ ವಿದ್ಯುತ್, ನಮ್ಮಲ್ಲಿ 50. ಕ್ಲಾಪ್ಟನ್ ಮಾದರಿಗೆ ಮೊದಲು ‘ಲೇಸ್ ಸೆನ್ಸರ್’ ಎಂಬ ಸದ್ದು ತಗ್ಗಿಸಿದ ಪಿಕಪ್‌ಗಳನ್ನು ಹಾಕಿದರು. 2001ರಿಂದ ಬಂದವುಗಳಲ್ಲಿ ಒಂದರ ಕೆಳಗೊಂದು ಎರಡು ಸುರುಳಿಗಳಿವೆ. ಗುಂಯ್‌ಗುಡುವ ಸದ್ದು ಎರಡಕ್ಕೂ ಒಂದೇ ಸಮ ಬೀಳುವುದರಿಂದ, ಅವನ್ನು ತಿರುವುಮುರುವಾಗಿ ಜೋಡಿಸಿದರೆ ಅದು ಕಳೆದುಹೋಗುತ್ತದೆ. ತಂತಿ ಮೇಲಿನ ಸುರುಳಿಗೇ ಹತ್ತಿರವಿರುವ ಕಾರಣ ಸ್ವರ ಉಳಿದುಕೊಳ್ಳುತ್ತದೆ.

ನನ್ನ ಪ್ರಕಾರ ಈ ಗಿಟಾರಿನ ನಿಜವಾದ ಸಹಿ ಇರುವುದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಸರ್ಕ್ಯೂಟ್‌ನಲ್ಲಿ. ಸ್ಟ್ರಾಟ್‌ನ ದನಿ ತೆಳು, ಚುರುಕು. ಕ್ಲಾಪ್ಟನ್ ‘ಕ್ರೀಮ್’ ತಂಡದಲ್ಲಿದ್ದಾಗ ನುಡಿಸಿದ ಗಿಬ್ಸನ್ ಗಿಟಾರ್‌ಗಳದ್ದು ದಪ್ಪ ದನಿ. ಎರಡೂ ಒಂದರಲ್ಲೇ ಸಿಗಲೆಂದು ಮಧ್ಯಮ ಕಂಪನಾಂಕಗಳನ್ನು 25 ಡೆಸಿಬೆಲ್‌ವರೆಗೆ ಏರಿಸುವ ತಿರುಗುಗುಂಡಿ ಇಟ್ಟರು. 25 ಡೆಸಿಬೆಲ್ ಎಂದರೆ ವೋಲ್ಟೇಜ್ ಸುಮಾರು 18 ಪಟ್ಟು! ಅಷ್ಟು ಬಲ ಬಂದು ಬಿದ್ದರೆ ಆಂಪ್ಲಿಫೈಯರ್ ತಾಳಲಾರದು. ಅಲೆಗಳ ನೆತ್ತಿ ಚಪ್ಪಟೆಯಾಗಿ, ತಂತಿಯಲ್ಲಿಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ರಾಕ್ ಸಂಗೀತದ ಗರ್ಜನೆ ಬರುವುದು ಹೀಗೆಯೇ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಸ್ಟ್ರಾಟ್‌ನ ತಂತಿಗಳನ್ನು ಹೊತ್ತ ಬ್ರಿಡ್ಜ್ ಸ್ಪ್ರಿಂಗ್‌ಗಳ ಎಳೆತಕ್ಕೆ ಆತು ನಿಂತಿರುತ್ತದೆ. ಒಂದು ತಂತಿಯನ್ನು ಬದಿಗೆ ಎಳೆದು ಶ್ರುತಿ ಏರಿಸಿದರೆ ಬ್ರಿಡ್ಜ್ ತುಸು ಬಾಗಿ, ಉಳಿದ ತಂತಿಗಳು ಸಡಿಲಗೊಂಡು ಅವುಗಳ ಶ್ರುತಿ ಇಳಿಯುತ್ತದೆ. ತಂತಿ ಎಳೆದು ನುಡಿಸುವುದೇ ಕ್ಲಾಪ್ಟನ್ ಶೈಲಿ. ಹಾಗಾಗಿ ಹಿಂಬದಿಯಲ್ಲಿ ಮರದ ತುಂಡೊಂದನ್ನು ಬೆಣೆಯಾಗಿ ಬಡಿದು ಬ್ರಿಡ್ಜ್ ಅಲುಗದಂತೆ ಮಾಡಿದರು.

ಬ್ಲ್ಯಾಕಿ 2004ರ ಹರಾಜಿನಲ್ಲಿ 9,59,500 ಡಾಲರ್‌ಗೆ ಹೋಯಿತು. ಹಣ ಸೇರಿದ್ದು ಕ್ಲಾಪ್ಟನ್ ಆಂಟಿಗುವಾದಲ್ಲಿ ಸ್ಥಾಪಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ. ಅವರ ಹೆಸರಿನ ಆ ಸರ್ಕ್ಯೂಟ್ ಮಾತ್ರ ಬಿಡಿಭಾಗವಾಗಿಯೂ ಸಿಗುತ್ತದೆ. ಬೆಸುಗೆ ಹಾಕಲು ಬಂದರೆ ಸಾಕು, ಅದನ್ನು ಮಾಮೂಲಿ ಸ್ಟ್ರಾಟ್‌ಗೂ ಕೂರಿಸಿಕೊಳ್ಳಬಹುದು.